ಅಟ್ಟದಿಂದ ಇಳಿದ ಚೆಂಡು

ಮಕ್ಕಳು ಆಡಿ ಕೆಡುವರೆಂಬ ಭಯವು ಗೃಹಸ್ಥರಲ್ಲಿ ಬಹಳ ಹಳೆಯದು. ತುಮಕೂರಿನ ಸದಾಶಿವನಗರದ ನಮ್ಮ ಮನೆಯನ್ನೂ ಅದು ಬಿಡಲಿಲ್ಲ. ಹತ್ತನೆಯ ತರಗತಿಯಲ್ಲಿ ಓದುವ ನಮ್ಮ ಮಗನು ಸಂಜೆಯಾದೊಡನೆ ಕಾಲ್ಚೆಂಡನ್ನೆತ್ತಿಕೊಂಡು ಹೊರಡುವನು. ದೀಪ ಹಚ್ಚಿದ ಮೇಲೆ ಮೈಯೆಲ್ಲ ಮಣ್ಣಾಗಿ ಬರುವನು. ಗಣಿತದಲ್ಲಿ ಅವನಿಗೆ ಅಂಕಗಳು ಕಡಮೆ ಬಂದ ದಿನ ನಾವು ಕೋಪಗೊಂಡು ಚೆಂಡನ್ನು ಅಟ್ಟಕ್ಕೆಸೆದೆವು. ಹುಡುಗನು ಎದುರಾಡಲಿಲ್ಲ, ಪುಸ್ತಕವನ್ನೂ ತೆರೆಯಲಿಲ್ಲ. ಮೂರು ದಿನ ಊಟದ ಹೊತ್ತಿನಲ್ಲಿ ಮಾತೇ ಇಲ್ಲ.

ಆಗಲೇ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರ ಜೀವನವೃತ್ತಾಂತವು ನಮ್ಮ ಕೈಗೆ ಬಂದಿತು. 1909ರಲ್ಲಿ ಜನಿಸಿದ ಇವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಾಲೆಯ ಉಪಾಧ್ಯಾಯರಾದರು. ನಮ್ಮ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ತರಗತಿಯ ಶಿಸ್ತನ್ನೇ ರಹೀಮರು ಬಯಲಿಗೆ ತಂದರು. ಬಲಗಾಲು ಬಳಸುವವರು ಎಡಗಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳನ್ನು ನಡೆಯಿಸಿ, ಕೊರತೆಯನ್ನು ತಿದ್ದಿಕೊಳ್ಳುವುದನ್ನು ಕಲಿಸಿದರು. ಅವರು ತಿದ್ದಿದ ಹೈದರಾಬಾದ್ ನಗರ ಪೊಲೀಸ್ ತಂಡವು 1950ರಿಂದ 1954ರವರೆಗೆ ಎಡೆಬಿಡದೆ ರೋವರ್ಸ್ ಕಪ್ಪನ್ನು ಗೆದ್ದಿತು.

1951ರಲ್ಲಿ ದೆಹಲಿಯ ಏಷ್ಯಾ ಕ್ರೀಡಾಕೂಟದಲ್ಲಿ ಇವರ ಭಾರತ ತಂಡಕ್ಕೆ ಚಿನ್ನ ದೊರೆಯಿತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯಾ ಹತ್ತು ಗೋಲು ಹೊಡೆಯಿತು, ನಮ್ಮವರದು ಒಂದೇ. ಬಹುಮಂದಿ ಬರಿಗಾಲಿನಲ್ಲಿ ಆಡಿದ್ದರು. ರಹೀಮರು ಧೃತಿಗೆಡಲಿಲ್ಲ. 1956ರಲ್ಲಿ ಮೆಲ್ಬರ್ನಿನಲ್ಲಿ ಭಾರತವು ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಆ ತಂಡದಲ್ಲಿ ನಮ್ಮ ಮೈಸೂರು ಸೀಮೆಯ ಕೆಂಪಯ್ಯನವರೂ ಇದ್ದರು. 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಗೆದ್ದು ಮತ್ತೆ ಚಿನ್ನವನ್ನು ತಂದರು. ಮುಂದಿನ ವರ್ಷದ ಜೂನ್ 11ರಂದು ಕ್ಯಾನ್ಸರ್ ವ್ಯಾಧಿಯು ಅವರನ್ನು ಕೊಂಡೊಯ್ದಿತು.

ಹತ್ತು ಗೋಲುಗಳ ಸೋಲನ್ನುಂಡ ಗುರುವು ನಾಲ್ಕು ವರ್ಷ ತಾಳ್ಮೆಯಿಂದ ತಿದ್ದಿದನು. ನಾವಾದರೋ ಒಂದು ಅಂಕಪಟ್ಟಿಗೇ ತಾಳ್ಮೆ ಕಳೆದುಕೊಂಡೆವು! ನಮಗೆ ನಾಚಿಕೆಯಾಯಿತು. ಮರುದಿನ ಏಣಿ ಹಾಕಿ ಚೆಂಡನ್ನಿಳಿಸಿ, ಧೂಳೊರಸಿ, “ಮಗು, ಸಂಜೆ ಒಂದು ಗಂಟೆ ಆಡು, ಆಮೇಲೆ ಗಣಿತ, ನಾವೂ ಜೊತೆಗೆ ಕೂಡುವೆವು” ಎಂದೆವು.

“ಹಾಗೇ ಆಗಲಿ, ಅಪ್ಪಾ” ಎಂದನು.

ಈಗ ಗಣಿತವೇ ಅವನ ಎಡಗಾಲು. ಲೆಕ್ಕ ತಪ್ಪಿದ ದಿನ ನಮ್ಮ ಕೈ ಅಟ್ಟದ ಕಡೆಗೆ ಏಳುವುದುಂಟು. ಆದರೆ ಏಣಿಯನ್ನು ನೋಡಿ ಸುಮ್ಮನಾಗುವೆವು.