ಕಲ್ಲಿನ ಹಂಸ, ನೀರಿನ ಹಂಸ

ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯನ್ನು ಜಗತಿಯ ಮೇಲೆ ಸುತ್ತಿ ಬಂದವರಿಗೆ ಆ ಪಟ್ಟಿಕೆಗಳು ಗೊತ್ತು. ಕೆಳಗೆ ಆನೆಯ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆಗಳು, ಮಕರ, ಎಲ್ಲದರ ಮೇಲೆ ಹಂಸ. ಅರಸೀಕೆರೆಯಲ್ಲಿ ಹುಟ್ಟಿ, ಅಲ್ಲೇ ಮೇಷ್ಟರಾಗಿ, ವರ್ಷಕ್ಕೊಮ್ಮೆ ಮಕ್ಕಳನ್ನು ಬೇಲೂರು-ಹಳೇಬೀಡಿಗೆ ಕರೆದುಕೊಂಡು ಹೋಗುತ್ತಿದ್ದ ನನಗೆ ಹಂಸವೆಂದರೆ ಕಲ್ಲಿನದೇ. ಜೀವವಿರುವ ಹಂಸವನ್ನು ಮೊದಲು ಕಂಡಾಗ ನನಗೆ ಅರವತ್ತೆರಡು ವಯಸ್ಸು. ಮಗನ ಮನೆಗೆಂದು ಹೋಗಿದ್ದ ಇಂಗ್ಲೆಂಡಿನ ಪೂರ್ವದಂಚಿನ ನಾರ್ಫೋಕ್ ಸೀಮೆಯಲ್ಲಿ, ಒಂದು ಜೂನ್ ತಿಂಗಳ ಬೆಳಿಗ್ಗೆ.

ನಾರ್ವಿಚ್‌ನಿಂದ ಪುಟ್ಟ ರೈಲೊಂದು ನಮ್ಮನ್ನು ರಾಕ್ಸಮ್ ಎಂಬ ಊರಿಗೆ ತಂದಿಳಿಸಿತು. ದಾರಿಯುದ್ದಕ್ಕೂ ನೆಲ ಚಪ್ಪಟೆ. ನಮ್ಮ ಕಡೆ ರೈಲಿನಲ್ಲಿ ಕೂತರೆ ಮಾಲೇಕಲ್ಲು ತಿರುಪತಿಯ ಬೆಟ್ಟವೋ ಇನ್ನೊಂದು ಗುಡ್ಡವೋ ಜೊತೆಗೆ ಬರುತ್ತಲೇ ಇರುತ್ತದೆ. ಅಲ್ಲಿ ಕಣ್ಣಿಗೆ ಒರಗಿಕೊಳ್ಳಲು ಏನೂ ಇಲ್ಲ, ಬರೀ ಆಕಾಶ. ಅದರ ಕೆಳಗೆ ಹಸಿರೋ ಹಸಿರು. ಒಂದು ಮಳೆಗಾಗಿ ಜೂನಿನಲ್ಲಿ ಕತ್ತೆತ್ತಿ ಕೂರುವ ಸೀಮೆಯವನು ನಾನು; ಆ ಹಸಿರನ್ನು ನೋಡಿ ಸಂತೋಷದ ಜೊತೆ ಸಣ್ಣ ಹೊಟ್ಟೆಕಿಚ್ಚೂ ಆಯಿತು.

ಬ್ಯೂರ್ ಎಂಬ ಹೊಳೆಯಲ್ಲಿ ದೋಣಿ ಹತ್ತಿದೆವು. ಹೊಳೆ ಎಂದರೂ ನಮ್ಮ ಯಗಚಿಯ ಹಾಗೆ ಬಂಡೆಗೆ ಬಡಿದು ಸದ್ದು ಮಾಡುವುದಿಲ್ಲ, ತೂಬಿನ ಕಾಲುವೆಯಂತೆ ಸುಮ್ಮನೆ ಹರಿಯುತ್ತದೆ. ಒಂದು ತಿರುವಿನಲ್ಲಿ ಜೊಂಡಿನ ಮರೆಯಿಂದ ಅದು ಹೊರಬಂತು. ಸುಣ್ಣ ಬಳಿದಂಥ ಬಿಳುಪು, ಕಿತ್ತಳೆ ಕೊಕ್ಕು, ಕೊಕ್ಕಿನ ಬುಡದಲ್ಲಿ ಕಪ್ಪು ಗಂಟು, ಹಿಂದೆ ಐದು ಬೂದು ಮರಿಗಳು. ಕತ್ತಿನ ಬಾಗು ನಮ್ಮ ಶಿಲ್ಪಿಗಳು ಕೆತ್ತಿದಂತೆಯೇ ಇತ್ತು. ಬಾಲ ಮಾತ್ರ ಬೇರೆ. ಹಳೇಬೀಡಿನ ಹಂಸದ ಬಾಲ ಬಳ್ಳಿಯಾಗಿ ಸುರುಳಿ ಸುತ್ತಿ ಹೂವಾಗಿ ಬಿಡುತ್ತದೆ. ಇದರದು ಮೊಂಡು ಬಾಲ. ಕಾವ್ಯಗಳ ಹಂಸ ಈ ಹಕ್ಕಿಯಲ್ಲ, ಚಳಿಗಾಲದಲ್ಲಿ ಹಿಮಾಲಯ ದಾಟಿ ಗದಗ ಸೀಮೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತೇ ಎಂದು ಹೇಳುವವರಿದ್ದಾರೆ. ಇರಬಹುದು. ದೋಣಿಯಿಂದ ನಾಲ್ಕು ಮಾರು ದೂರದಲ್ಲಿ ಅದು ರೆಕ್ಕೆಯನ್ನು ಅರ್ಧ ಎತ್ತಿ ನಿಂತಾಗ ಮನಸ್ಸು ಆ ವಾದಕ್ಕೆ ಹೋಗಲಿಲ್ಲ. ಪಟ್ಟಿಕೆಯಿಂದ ಒಂದು ಕಲ್ಲು ಎದ್ದು ನೀರಿಗಿಳಿದಿದೆ ಎನಿಸಿತು.

ಹೊಳೆಯ ಎರಡೂ ಬದಿಗೆ ಅಲ್ಲಲ್ಲಿ ನೀರು ಅಗಲವಾಗಿ ಹರಡಿಕೊಂಡಿತ್ತು. ಇವನ್ನೇ ಅಲ್ಲಿಯವರು ಬ್ರಾಡ್ ಎನ್ನುವುದು. ಇಂಥವು ನಲವತ್ತಕ್ಕೂ ಹೆಚ್ಚಿವೆ. ರಾನ್‌ವರ್ತ್ ಊರಿನದು ರಾನ್‌ವರ್ತ್ ಬ್ರಾಡ್, ಹಿಕ್ಲಿಂಗ್ ಊರಿನದು ಹಿಕ್ಲಿಂಗ್ ಬ್ರಾಡ್. ಅಲ್ಲಿ ಊರಿನ ಹೆಸರು ಕೆರೆಗೆ ಬಂದಿದೆ. ನಮ್ಮಲ್ಲಿ ಕೆರೆಯ ಹೆಸರು ಊರಿಗೆ ಬರುತ್ತದೆ: ಅರಸಿ ಕಟ್ಟಿಸಿದ ಕೆರೆಯಿಂದ ಅರಸೀಕೆರೆ, ಹೊಯ್ಸಳರ ರಾಜಧಾನಿಗೇ ಹೆಸರು ಕೊಟ್ಟ ದೋರಸಮುದ್ರ. ಕೆರೆಯಿಲ್ಲದೆ ಊರೇ ಇಲ್ಲದ ಸೀಮೆಯಲ್ಲಿ ಹೆಸರಿಡುವವರು ಇನ್ನೇನು ಮಾಡಿಯಾರು?

ರಾನ್‌ವರ್ತ್‌ನ ಸಂತ ಹೆಲೆನಳ ಇಗರ್ಜಿಗೆ ಒಂದು ಗೋಪುರವಿದೆ. ಒಳಗೆ ಸುರುಳಿಯಾಗಿ 89 ಮೆಟ್ಟಿಲು, ಒಂದರಂತೆ ಒಂದಿಲ್ಲ. ಆಮೇಲೆ ಎರಡು ಏಣಿ, ಕೊನೆಗೆ ತಲೆಯಿಂದ ನೂಕಿ ತೆರೆಯಬೇಕಾದ ಬಾಗಿಲು. ಮೇಲೆ ನಿಂತರೆ ಜೊಂಡಿನ ಹಸಿರಿನಲ್ಲಿ ಯಾರೋ ಕನ್ನಡಿಯ ಚೂರುಗಳನ್ನು ಬಿಸಾಡಿದಂತೆ ನೀರು. ಪುಷ್ಪಗಿರಿಯ ಮೇಲೆ ನಿಂತು ಹಳೇಬೀಡಿನ ಕಡೆ ನೋಡಿದ್ದು ನೆನಪಾಯಿತು. ಕೆರೆಸೀಮೆಯವನ ಕಣ್ಣು ತಾನಾಗಿ ಏರಿಯನ್ನು ಹುಡುಕಿತು. ಏರಿ ಇಲ್ಲ. ತೂಬಿಲ್ಲ, ಕೋಡಿ ಇಲ್ಲ. ಯಾರೂ ಕಟ್ಟದೆ ನಿಂತ ನೀರು. "ಇದು ದೇವರು ಮಾಡಿದ ಕೆರೆ ಕಣೋ" ಎಂದೆ ಮಗನಿಗೆ. "ಕೆಳಗೆ ಹೋಗಿ ಕೇಳೋಣ ಬಾಪ್ಪ" ಎಂದ.

ಕೆಳಗೆ ಜೌಗಿನ ನಡುವೆ ಹಲಗೆ ಹಾಸಿದ ಕಾಲುದಾರಿ. ಮೊದಲು ಕತ್ತಲೆಗಟ್ಟಿದ ಆಲ್ಡರ್ ಮರಗಳ ತೋಪು, ಆಮೇಲೆ ಜೊಂಡು, ಕೊನೆಗೆ ತೆರೆದ ನೀರು. ನೀರಿನ ಮೇಲೆ ಜೊಂಡಿನ ಚಾವಣಿಯ ಮನೆಯೊಂದು ತೇಲುತ್ತಿದೆ, ಅಲ್ಲಿನ ವನ್ಯಜೀವಿ ಟ್ರಸ್ಟಿನದು. ಕೆಸರು, ಕೊಳೆತ ಎಲೆ, ಪುದೀನದಂಥ ಯಾವುದೋ ಗಿಡ ಎಲ್ಲ ಬೆರೆತ ವಾಸನೆ. ಕಣ್ಣು ಮುಚ್ಚಿದರೆ ಬೇಸಿಗೆಯಲ್ಲಿ ಅರ್ಧ ಬತ್ತಿದ ನಮ್ಮ ಕೆರೆಯಂಗಳದ ವಾಸನೆಯೇ. ಹಣೆಗೆ ಬಿಳಿ ನಾಮ ಹಚ್ಚಿಕೊಂಡ ನಾಮದಕೋಳಿಗಳು, ಒಂಟಿ ಕಾಲಿನ ಬೂದು ಬಕ, ನೀಲಿ ಗೆರೆಯಂತೆ ಹಾದುಹೋದ ಮಿಂಚುಳ್ಳಿ. ಮೂರೂ ನಮ್ಮಲ್ಲಿರುವ ಹಕ್ಕಿಗಳೇ. ಪರದೇಶದಲ್ಲಿ ನಮ್ಮೂರಿನವರು ಸಿಕ್ಕಷ್ಟು ಸಂತೋಷವಾಯಿತು.

ಆ ತೇಲುಮನೆಯಲ್ಲಿ ಸ್ವಯಂಸೇವಕಿಯಾಗಿದ್ದ ಒಬ್ಬ ಅಜ್ಜಿ ನನ್ನ ಮಾತು ಕೇಳಿ ತಲೆಯಾಡಿಸಿದರು. ದೇವರು ಮಾಡಿದ್ದೆಂದು ಅವರ ಜನವೂ ನಂಬಿತ್ತಂತೆ. 1950ರ ದಶಕದ ಆರಂಭದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ ಈ ಜೌಗಿನಲ್ಲಿ ಸಾಲುಸಾಲಾಗಿ ಕೊಳವೆ ಇಳಿಸಿ ತಳದ ಮಣ್ಣನ್ನು ತೆಗೆದು ನೋಡಿದರು. ತಾನಾಗಿ ಆದ ಕೆರೆಯಾದರೆ ದಡ ಇಳಿಜಾರಾಗಿರಬೇಕು. ಇವುಗಳ ದಡ ನೀರಿನಡಿಯಲ್ಲಿ ಗೋಡೆಯಂತೆ ನೆಟ್ಟಗೆ ಇಳಿದಿತ್ತು, ತಳ ಚಪ್ಪಟೆಯಾಗಿತ್ತು, ನಡುನಡುವೆ ಅಗೆಯದೆ ಬಿಟ್ಟ ಬದುಗಳಿದ್ದವು. ಎಂದರೆ ಇವು ಗುಂಡಿಗಳು, ಮನುಷ್ಯರು ಅಗೆದ ಗುಂಡಿಗಳು!

ಅಗೆದದ್ದು ಪೀಟ್‌ಗಾಗಿ. ಜೌಗಿನಲ್ಲಿ ಸತ್ತ ಗಿಡಗಂಟಿ ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಒಂದರ ಮೇಲೊಂದು ಒತ್ತಿಕೊಂಡು ಆದ ಕಪ್ಪು ಮಣ್ಣು ಅದು. ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದರೆ ನಮ್ಮ ಬೆರಣಿಯ ಹಾಗೆ ಉರಿಯುತ್ತದೆ. ಕಾಡು ಕಡಿಮೆಯಾಗಿ ಜನ ಹೆಚ್ಚಿದ್ದ ಆ ಸೀಮೆಯ ಒಲೆಗಳಿಗೆಲ್ಲ ಇದೇ ಸೌದೆ. ತಲೆಮಾರುಗಳ ಕಾಲ ಅಗೆದರು. ಆಮೇಲೆ ಸಮುದ್ರ ಏರತೊಡಗಿತು. 1287ರ ಡಿಸೆಂಬರಿನಲ್ಲಿ ಕಡಲು ಉಕ್ಕಿ ಹಿಕ್ಲಿಂಗ್ ಕಡೆ ಬಹಳ ಜನ ಮುಳುಗಿ ಸತ್ತರು. ಗುಂಡಿಗಳಿಗೆ ಮತ್ತೆ ಮತ್ತೆ ನೀರು ನುಗ್ಗಿತು; ಹದಿನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ ಅಗೆಯುವ ಕೆಲಸ ಹೆಚ್ಚುಕಡಿಮೆ ನಿಂತಿತ್ತು.

ನಾನು ಮನಸ್ಸಿನಲ್ಲೇ ವರ್ಷಗಳನ್ನು ಜೋಡಿಸುತ್ತಿದ್ದೆ. ಬೇಲೂರಿನ ಚೆನ್ನಕೇಶವ ನಿಂತದ್ದು 1117ರಲ್ಲಿ, ಅರಸೀಕೆರೆಯ ಶಿವಾಲಯ 1220ರ ಸುಮಾರಿಗೆ. ಹಿಕ್ಲಿಂಗ್ ಮುಳುಗಿದ ವರ್ಷ ದೋರಸಮುದ್ರದಲ್ಲಿ ಮೂರನೆಯ ನರಸಿಂಹ ಆಳುತ್ತಿದ್ದ. ಮಲಿಕ್ ಕಾಫೂರನ ದಂಡು ಬರಲು ಇನ್ನೂ 24 ವರ್ಷ ಇತ್ತು. ಅದೇ ಶತಮಾನಗಳಲ್ಲಿ ಇಲ್ಲೊಬ್ಬ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಪೀಟ್ ಕತ್ತರಿಸುತ್ತಿದ್ದ. ಅಲ್ಲೊಬ್ಬಳು ಮಂಕರಿಯಲ್ಲಿ ಮಣ್ಣು ಹೊತ್ತು ಏರಿಯ ಮೇಲೆ ಸುರಿಯುತ್ತಿದ್ದಳು. ಒಬ್ಬರಿಗೆ ಬೆಂಕಿ ಬೇಕಿತ್ತು, ಇನ್ನೊಬ್ಬರಿಗೆ ನೀರು. ಕೊನೆಗೆ ಎರಡೂ ಕಡೆ ಉಳಿದದ್ದು ನೀರು.

"ಅಗೆದವರ ಹೆಸರು ಗೊತ್ತೇ?" ಎಂದು ಅಜ್ಜಿಯನ್ನು ಕೇಳಿದೆ. ಅವರು ಇಲ್ಲವೆಂದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಕೆಳಗೆ ಹೆಸರು ಬರೆದುಕೊಂಡಿದ್ದಾರೆ ಎಂದು ಅವರಿಗೆ ಹೇಳಿದೆ. ಕೆರೆ ಕಟ್ಟಿಸಿದವರ ಹೆಸರು, ಕೆರೆಯ ರಿಪೇರಿಗೆಂದು ಬಿಟ್ಟ ಬಿತ್ತುವಟ್ಟದ ಗದ್ದೆ, ಇವೆಲ್ಲ ಶಾಸನಗಳಲ್ಲಿ ಸಿಗುತ್ತವೆ. ಮಣ್ಣು ಹೊತ್ತವರ ಹೆಸರು ನಮ್ಮಲ್ಲೂ ಸಿಗುವುದಿಲ್ಲ ಎಂದೂ ಹೇಳಿದೆ. ಅಜ್ಜಿ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು.

ಮರುದಿನ ಹಿಕ್ಲಿಂಗ್. ಬ್ರಾಡುಗಳಲ್ಲೆಲ್ಲ ದೊಡ್ಡದು. ದಾರಿಯಲ್ಲಿ ಗಾಳಿಯಂತ್ರಗಳ ಗೋಪುರಗಳು ಸಿಕ್ಕವು. ಹಿಟ್ಟು ಬೀಸಲು ಎಂದುಕೊಂಡಿದ್ದೆ. ಹೆಚ್ಚಿನವು ಹುಲ್ಲುಗಾವಲಿನ ನೀರನ್ನೆತ್ತಿ ಹೊಳೆಗೆ ಚೆಲ್ಲಲು ಕಟ್ಟಿದಂಥವು! ನನ್ನ ತಾತ ಏತ ಹೊಡೆದು, ಅಪ್ಪ ಕಪಿಲೆ ಹೊಡೆದು ತೆಂಗಿನ ಬುಡಕ್ಕೆ ನೀರು ಎತ್ತಿದವರು. ನೀರನ್ನು ಹೊಲದಿಂದ ಆಚೆ ಹಾಕಲು ಒದ್ದಾಡುವ ಒಕ್ಕಲುತನವೂ ಲೋಕದಲ್ಲಿದೆ ಎಂದು ಅವರಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ.

ಹಿಕ್ಲಿಂಗ್‌ನಲ್ಲಿ ಹಳದಿ-ಕಪ್ಪು ಬಾಲದ ಚಿಟ್ಟೆಯೊಂದು ಸುಳಿಯಿತು. ಸ್ವಾಲೋಟೇಲ್, ನಮ್ಮ ನಿಂಬೆಗಿಡದ ಚಿಟ್ಟೆಯ ಹತ್ತಿರದ ನೆಂಟ. ಬ್ರಿಟನ್ನಿನಲ್ಲಿ ಅದು ಮೊಟ್ಟೆಯಿಡುವುದು ಈ ಜೌಗುಗಳಲ್ಲಿ ಮಾತ್ರ, ಮಿಲ್ಕ್ ಪಾರ್ಸ್ಲಿ ಎಂಬ ಒಂದೇ ಗಿಡದ ಮೇಲೆ. ಆ ಗಿಡ ಉಳಿಯಬೇಕಾದರೆ ಜೊಂಡನ್ನು ಹದವಾಗಿ ಕೊಯ್ಯುತ್ತಿರಬೇಕು. ಕೊಯ್ಯದೆ ಬಿಟ್ಟರೆ ಜೌಗು ಪೊದೆಯಾಗಿ, ಪೊದೆ ಕಾಡಾಗಿ, ನೀರೇ ಮಾಯ. ಹೂಳೂ ತುಂಬುತ್ತದೆ. ಊರುಗಳ ಕೊಳಚೆ, ಹೊಲದ ಗೊಬ್ಬರ ಸೇರಿ ಹಲವು ಬ್ರಾಡುಗಳ ನೀರು ಪಾಚಿಗಟ್ಟಿತ್ತು. ಬಾರ್ಟನ್ ಬ್ರಾಡಿನಲ್ಲಿ 1990ರ ದಶಕದ ಕೊನೆಯ ವರ್ಷಗಳಲ್ಲಿ ಯಂತ್ರದಿಂದ ಹೂಳನ್ನು ಹೀರಿ ತೆಗೆದು ಪಕ್ಕದ ನೆಲಕ್ಕೆ ಹಾಕಿದರು. ನಮ್ಮಲ್ಲಿ ಬೇಸಿಗೆಯಲ್ಲಿ ಎತ್ತಿನ ಗಾಡಿ ಇಳಿಸಿ ಗೋಡು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದದ್ದೂ ಇದೇ ಕೆಲಸ. ಆ ಗಾಡಿಗಳು ನಿಂತು ಎಷ್ಟೋ ವರ್ಷವಾಯಿತು. ನಮ್ಮ ಕೆರೆಗಳ ಹೊಟ್ಟೆಯಲ್ಲಿ ಈಗ ಏನು ತುಂಬಿದೆ ಎನ್ನುವುದು ಅಲ್ಲಿ ಕೂತಾಗ ಕಣ್ಣಿಗೆ ಕಟ್ಟಿ, ಸಂಕಟವಾಯಿತು.

ಸಂಜೆ ಎನ್ನಬೇಕೋ ರಾತ್ರಿ ಎನ್ನಬೇಕೋ, ಗಂಟೆ ಒಂಬತ್ತಾದರೂ ಬೆಳಕಿತ್ತು. ಜೊಂಡಿನ ತುದಿಗೆ ತಾಗುವಂತೆ ಒಂದು ಗಿಡುಗ ನಿಧಾನವಾಗಿ ತೇಲಿ ಬಂತು, ರೆಕ್ಕೆಗಳನ್ನು ಇಂಗ್ಲಿಷಿನ ವಿ ಅಕ್ಷರದಂತೆ ಎತ್ತಿಕೊಂಡು. ಮಾರ್ಷ್ ಹ್ಯಾರಿಯರ್. 1971ರಲ್ಲಿ ಇಡೀ ಬ್ರಿಟನ್ನಿನಲ್ಲಿ ಗೂಡು ಕಟ್ಟಲು ಒಂದೇ ಒಂದು ಜೋಡಿ ಉಳಿದಿತ್ತು. ಕೀಟನಾಶಕಗಳಿಗೆ ತಡೆ ಬಿದ್ದು, ಜೌಗುಗಳನ್ನು ಕಾದಮೇಲೆ ಈಗ ನೂರಾರು ಜೋಡಿ. ಅದನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು.

ಊರಿಗೆ ಮರಳಿದ ಮೇಲೆ ಜನವರಿಯ ಒಂದು ಬೆಳಿಗ್ಗೆ ಹಳೇಬೀಡಿನ ಕೆರೆ ಏರಿಯ ಮೇಲೆ ಕೂತಿದ್ದೆ. ಬೆನ್ನ ಹಿಂದೆ ಮಂಜು ಇನ್ನೂ ಕರಗಿರಲಿಲ್ಲ. ನಾಮದಕೋಳಿಗಳು ಒಮ್ಮೆಲೇ ಚೆದುರಿದವು. ಜೊಂಡಿನ ಮೇಲೆ ಅದೇ ಗಿಡುಗ, ಅದೇ ತೇಲು. ನಾರ್ಫೋಕಿನವು ಇಲ್ಲಿಗೆ ಬರುವುದಿಲ್ಲ, ನಮ್ಮಲ್ಲಿಗೆ ಬರುವವು ಮಧ್ಯ ಏಷ್ಯಾದ ಕಡೆಯವು. ಕುಲ ಮಾತ್ರ ಒಂದೇ. ಬಲೆ ಬಿಡಿಸುತ್ತಿದ್ದವನೊಬ್ಬ ತಲೆಯೆತ್ತಿ ನೋಡಿ ಹೇಳಿದ: "ಎಲ್ಲಿಂದ ಬತ್ತದೋ ಏನೋ ಸಾರ್, ನೀರಿದ್ದ ವರ್ಷ ತಪ್ಪಂಗಿಲ್ಲ."