ವರದಿ ಬರುವ ಮೊದಲು

‘ತಾಳಿದವನು ಬಾಳಿಯಾನು’ ಎಂದ ನಮ್ಮ ಹಿರಿಯರು ಪಾರ್ಶ್ವವಾಯುವನ್ನು ಕಾಣದವರಲ್ಲ. ಕಂಡೂ ಕೈಕಟ್ಟಿ ಕೂರಬೇಕಾಗಿತ್ತು, ಅಷ್ಟೆ. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧಿ ಆಗ ಇರಲಿಲ್ಲ. ಆಲ್ಟೆಪ್ಲೇಸ್ ಎಂಬ ಔಷಧಿಯನ್ನು ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನವುಂಟೆಂದು ಅಮೆರಿಕದ ಪ್ರಯೋಗವೊಂದು 1995ರಲ್ಲಿ ತೋರಿಸಿತು. 2008ರಲ್ಲಿ ಯುರೋಪಿನವರು ಆ ಗಡುವನ್ನು ನಾಲ್ಕೂವರೆಗೆ ಎಳೆದರು. ಗಡುವು ಬೆಳೆಯಿತೆಂದು ನಿಧಾನಿಸುವ ಹಾಗಿಲ್ಲ. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂಬುದು 2006ರಲ್ಲಿ ಪ್ರಕಟವಾದ ಲೆಕ್ಕ.

ಕಳೆದ ಮಾಘದಲ್ಲಿ ನಮ್ಮಣ್ಣನ ಬಲಗೈಯಿಂದ ಕಾಫಿಯ ಲೋಟ ಜಾರಿತು; ಮಾತು ತೊದಲಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಮಿದುಳಿನಲ್ಲಿ ರಕ್ತಸ್ರಾವವಿಲ್ಲ. ಬೆರಳು ಚುಚ್ಚಿ ಸಕ್ಕರೆ ನೋಡಿದರು; ಸಕ್ಕರೆ ತೀರ ಇಳಿದರೂ ಪಾರ್ಶ್ವವಾಯುವಿನ ವೇಷ ಹಾಕಬಲ್ಲುದಂತೆ. ರಕ್ತ ಹೆಪ್ಪುಗಟ್ಟುವ ಗುಣದ ವರದಿ ಬರಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಔಷಧಿಯಿಂದಲೇ ಮಿದುಳಿನಲ್ಲಿ ರಕ್ತ ಸೋರುವ ಅಪಾಯವೂ ಉಂಟೆಂದು ಕೇಳಿದ ಮೇಲೆ, “ವರದಿ ಬರಲಿ ಡಾಕ್ಟರೆ” ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು.

ಆ ತರುಣ ವೈದ್ಯೆ ಅತ್ತಿಗೆಯ ಕಡೆ ತಿರುಗಿ, “ಇವರು ಸರಿಯಾಗಿದ್ದುದನ್ನು ಕಡೆಯ ಸಲ ಎಷ್ಟು ಗಂಟೆಗೆ ನೋಡಿದಿರಿ? ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಾರೆಯೆ? ಲಿವರಿನ ಕಾಯಿಲೆ, ರಕ್ತದ ಕಾಯಿಲೆ ಏನಾದರೂ ಉಂಟೆ?” ಎಂದರು.

“ಏಳೂಕಾಲಿಗೆ ಕಾಫಿ ಕೊಟ್ಟಾಗ ಚೆನ್ನಾಗಿಯೇ ಮಾತಾಡಿದರಮ್ಮ. ಬಿ.ಪಿ. ಮಾತ್ರೆ ಒಂದೇ, ದಿನವೂ ನಾನೇ ಎತ್ತಿಕೊಡುವುದು. ಬೇರೆ ಏನೂ ಇಲ್ಲ.”

ಅಷ್ಟು ಸಾಕಾಯಿತು. ವರದಿಗೆ ಕಾಯದೆ ಔಷಧಿ ಏರಿಸಿದರು.

ಇದು ದುಡುಕಲ್ಲ. ಸಂಶಯಕ್ಕೆ ಕಾರಣವಿಲ್ಲದಿದ್ದರೆ ಸಕ್ಕರೆಯೊಂದನ್ನು ಬಿಟ್ಟು ಬೇರೆ ರಕ್ತಪರೀಕ್ಷೆಗಾಗಿ ತಡಮಾಡಬಾರದೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಮಾರ್ಗಸೂಚಿಯೇ ಹೇಳುತ್ತದೆ. ವಾರ್ಫರಿನ್ ನುಂಗುವವರ ವಿಷಯ ಬೇರೆ. ಅಲ್ಲಿ ವರದಿ ನೋಡಲೇಬೇಕು. ಆಲ್ಟೆಪ್ಲೇಸ್ ಒಳಗೆ ಹೋಗುವುದು ಸುಮಾರು ಒಂದು ಗಂಟೆಯ ಕಾಲ. ನಡುವೆ ವರದಿ ಬಂದು ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆಯೆಂದು ಕಂಡರೆ ಅಲ್ಲಿಗೇ ನಿಲ್ಲಿಸುತ್ತಾರೆ.

ಎಲ್ಲಕ್ಕೂ ಕಾಗದದ ಸಾಕ್ಷಿ ಕೇಳುವ ಈ ಕಾಲದಲ್ಲಿ, ಮುಕ್ಕಾಲು ಗಂಟೆಯ ಮಟ್ಟಿಗೆ ಅತ್ತಿಗೆಯ ಬಾಯಿಮಾತು ಪ್ರಯೋಗಾಲಯದ ಜಾಗದಲ್ಲಿ ನಿಂತಿತು. ಕನ್ನಡ ಪಾಠ ಹೇಳುವ ನಾನು ಮಾತಿನ ಬೆಲೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೊಗಳಿದ್ದೇನೆ. ಅದು ಇಷ್ಟು ತೂಗಿದ್ದನ್ನು ಕಂಡಿರಲಿಲ್ಲ.

ಅಣ್ಣನ ಮಾತು ಬಹುಮಟ್ಟಿಗೆ ಮರಳಿದೆ; ಬೆರಳುಗಳು ಇನ್ನೂ ಮೊಂಡು ಹಿಡಿದಿವೆ. ಎಲ್ಲರಿಗೂ ಇಷ್ಟಾದರೂ ದಕ್ಕೀತೆಂದು ಹೇಳಲಾರೆ. ಈಚೆಗೆ ನನ್ನ ಮಾತ್ರೆಗಳ ಹೆಸರನ್ನು ಮನೆಯವಳಿಗೆ ಬಾಯಿಪಾಠ ಮಾಡಿಸಿದ್ದೇನೆ. ತನ್ನವನ್ನು ಒಪ್ಪಿಸೆಂದು ಅವಳೂ ಕೇಳುತ್ತಾಳೆ. ಮೇಷ್ಟರಿಗೆ ದಿನವೂ ಪರೀಕ್ಷೆ!