ಪಾಳಿ ಬಿಟ್ಟ ಹೊತ್ತಿನ ಬೆಂಗಳೂರು

ಬೆಂಗಳೂರಿನ ರಾತ್ರಿ ಎಂದೊಡನೆ ದೂರದ ಊರುಗಳ ತಂದೆ-ತಾಯಿಯರ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಬ್ರಿಗೇಡ್ ರಸ್ತೆಯ ಬಣ್ಣದ ದೀಪ, ಎಂ.ಜಿ. ರಸ್ತೆಯ ಪಬ್ಬು, ಕಿವಿಗಡಚಿಕ್ಕುವ ಸಂಗೀತ, ಸರಿರಾತ್ರಿ ಮನೆ ಸೇರುವ ಯುವಜನ. ‘ಪಬ್ ನಗರ’ ಎಂಬ ಹೆಸರು ಈ ಊರಿಗೆ ಅಂಟಿಕೊಂಡು ದಶಕಗಳೇ ಕಳೆದಿವೆ. ಡಿಪ್ಲೊಮಾ ಮುಗಿಸಿದ ಮಗನೋ ಬಿ.ಇ. ಮುಗಿಸಿದ ಮಗಳೋ ಪೆಟ್ಟಿಗೆ ಕಟ್ಟಿಕೊಂಡು ರಾಜಧಾನಿಗೆ ಹೊರಟು ನಿಂತರೆ ಮನೆಯವರ ಎದೆ ಡವಗುಟ್ಟುವುದು ಈ ಚಿತ್ರ ನೆನೆದೇ.

ಆದರೆ ಹಾಗೆ ಬಂದವರಲ್ಲಿ ಹೆಚ್ಚಿನವರ ಪಾಲಿಗೆ ಒದಗುವ ರಾತ್ರಿ ಇದಲ್ಲ. ಅವರದು ನಗರದ ಅಂಚಿನ ರಾತ್ರಿ. ವಾಯವ್ಯಕ್ಕೆ ಪೀಣ್ಯ, ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ. ಇಲ್ಲಿ ಥಳುಕು ಕಡಿಮೆ, ಟೀ ಹೆಚ್ಚು. ನಡುರಾತ್ರಿಯಲ್ಲೂ ಎಚ್ಚರವಿರುವ ಜನ, ಅವರನ್ನು ನಂಬಿ ಉರಿಯುವ ಸ್ಟವ್‌ಗಳು, ಗಾಡಿ ಅಂಗಡಿಯ ಸುತ್ತ ನಡೆಯುವ ಹರಟೆ. ಬೆಂಗಳೂರಿನ ಸಾದಾ ಮನುಷ್ಯರನ್ನು ಕಾಣಬೇಕಾದರೆ ಈ ಮೂರು ಕಡೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಸುತ್ತಬೇಕು.

ಕುಲುಮೆ ಆರದ ಪೀಣ್ಯ

ತುಮಕೂರು ರಸ್ತೆಯ ಪಕ್ಕದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶವನ್ನು ಏಷ್ಯಾದ ದೊಡ್ಡ ಸಣ್ಣ ಕೈಗಾರಿಕಾ ವಸಾಹತುಗಳಲ್ಲಿ ಒಂದೆಂದು ಹೇಳುವುದುಂಟು. ಎರಕ ಹೊಯ್ಯುವವರು, ಗೇರು ಕಡೆಯುವವರು, ಲೋಹಕ್ಕೆ ಲೇಪ ಕೊಡುವವರು, ಸಿದ್ಧ ಉಡುಪು ಹೊಲಿಯುವವರು ಎಲ್ಲರೂ ಇಲ್ಲಿದ್ದಾರೆ. ಗೇಟುಗಳಿಗೆ ತಗುಲಿಹಾಕಿದ ಹಲಗೆಗಳಲ್ಲಿ ‘ಬೇಕಾಗಿದ್ದಾರೆ: ಟರ್ನರ್, ಫಿಟ್ಟರ್, ಸಿಎನ್‌ಸಿ ಆಪರೇಟರ್, ಹೆಲ್ಪರ್’ ಎಂಬ ಬರಹ.

ಕಾರ್ಖಾನೆ ರಾತ್ರಿ ಏಕೆ ನಡೆಯಬೇಕು ಎಂದು ವಿದ್ಯಾರ್ಥಿಗಳು ಕೇಳಬಹುದು. ಗೇರಿನ ಹಲ್ಲು ಬೇಗ ಸವೆಯಬಾರದೆಂದರೆ ಅದರ ಹೊರಮೈ ಗಟ್ಟಿಯಾಗಬೇಕು. ಅದಕ್ಕಾಗಿ ಉಕ್ಕನ್ನು ಇಂಗಾಲಯುಕ್ತ ಅನಿಲದ ನಡುವೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇರಿಸಿ, ಆಮೇಲೆ ಎಣ್ಣೆಯಲ್ಲಿ ಅದ್ದಿ ಥಟ್ಟನೆ ತಣಿಸುತ್ತಾರೆ. ಅಷ್ಟು ಕಾದ ಕುಲುಮೆಯನ್ನು ಸಂಜೆ ಆರಿಸಿ ಬೆಳಿಗ್ಗೆ ಮತ್ತೆ ಹೊತ್ತಿಸಿದರೆ ಇಂಧನವೂ ದಂಡ, ಹಿಗ್ಗಿ ಕುಗ್ಗಿ ಒಳಗಿನ ಇಟ್ಟಿಗೆಯೂ ಬಿರುಕು. ದುಬಾರಿ ಯಂತ್ರಗಳದ್ದೂ ಇದೇ ಕತೆ. ಸುಮ್ಮನೆ ನಿಂತ ಯಂತ್ರಕ್ಕೂ ಬ್ಯಾಂಕಿನ ಬಡ್ಡಿ ಓಡುತ್ತದೆ. ಹೀಗಾಗಿ ಕುಲುಮೆಗೆ ನಿದ್ದೆಯಿಲ್ಲ, ಕುಲುಮೆ ಕಾಯುವವನಿಗೂ ಇಲ್ಲ.

ರಾತ್ರಿ ಹತ್ತಕ್ಕೆ ‘ಸೆಕೆಂಡ್ ಶಿಫ್ಟ್’ ಬಿಟ್ಟು ‘ನೈಟ್ ಶಿಫ್ಟ್’ ಹಿಡಿಯುತ್ತದೆ. ಆ ಅರ್ಧ ಗಂಟೆ ಪೀಣ್ಯದ ಅಡ್ಡರಸ್ತೆಗಳಲ್ಲಿ ಸಂತೆಯ ಕಳೆ. ಎಗ್ ರೈಸಿನ ಬಾಣಲೆ ಸದ್ದು ಮಾಡುತ್ತದೆ; ಇಡ್ಲಿಯ ಹಬೆ ಬೀದಿದೀಪದ ಕೆಳಗೆ ಬೆಳ್ಳಗೆ ಏಳುತ್ತದೆ. ಸೈಕಲ್ಲಿಗೆ ಫ್ಲಾಸ್ಕ್ ಕಟ್ಟಿಕೊಂಡ ಟೀ ಹುಡುಗ ಗೇಟಿನಿಂದ ಗೇಟಿಗೆ ಸಾಗುತ್ತಾನೆ. ‘ಅಣ್ಣಾ, ಎರಡು ಬೈಟು’ ಎಂದರೆ ಸಾಕು, ಎರಡು ಟೀ ನಾಲ್ಕಾಗುತ್ತದೆ. ಕೈಗೆ ಗ್ರೀಸು ಮೆತ್ತಿಕೊಂಡ ಹೆಲ್ಪರ್, ಅಂಗಿಯ ಜೇಬಿನಲ್ಲಿ ವರ್ನಿಯರ್ ಇಟ್ಟುಕೊಂಡ ಸೂಪರ್‌ವೈಸರ್, ಲೋಡಿಗಾಗಿ ಕಾಯುವ ಲಾರಿ ಚಾಲಕ ಎಲ್ಲರ ಕೈಯಲ್ಲೂ ಅದೇ ಕಾಗದದ ಲೋಟ. ಸಿರಾದವನೂ ಸಿಂಧನೂರಿನವನೂ ಒಡಿಶಾದ ಹುಡುಗನೂ ಒಂದೇ ಕಟ್ಟೆಯ ಮೇಲೆ ಕೂರುತ್ತಾರೆ. ಒಡಿಶಾದವನು ಕಲಿಯುವ ಮೊದಲ ಕನ್ನಡ ಪಾಠ ‘ಎಷ್ಟಾಯ್ತು ಅಣ್ಣಾ?’

ಈ ಹರಟೆ ಬರಿಯ ಕಾಲಹರಣವಲ್ಲ. ಯಾವ ಕಾರ್ಖಾನೆಯಲ್ಲಿ ಸಂಬಳ ತಿಂಗಳ ಮೊದಲ ವಾರ ಬರುತ್ತದೆ, ಎಲ್ಲಿ ಓಟಿ ದುಡ್ಡು ಸರಿಯಾಗಿ ಕೊಡುತ್ತಾರೆ, ಎಲ್ಲಿ ಪ್ರೆಸ್ ಯಂತ್ರಕ್ಕೆ ಬೆರಳು ಕಾಯುವ ಕವಚವಿಲ್ಲ, ಯಾವ ಬೀದಿಯಲ್ಲಿ ಬಾಡಿಗೆಯ ರೂಮು ಖಾಲಿಯಿದೆ ಎಂಬ ಸಂಗತಿಗಳೆಲ್ಲ ಈ ಕಟ್ಟೆಯ ಮೇಲೇ ತಿಳಿಯುವುದು. ಐಟಿಐ ಮುಗಿಸಿ ನಿನ್ನೆ ಬಂದ ಹುಡುಗನಿಗೆ ಇದು ಉದ್ಯೋಗ ವಿನಿಮಯ ಕೇಂದ್ರವೂ ಹೌದು, ಪಾಠಶಾಲೆಯೂ ಹೌದು.

ಎರಡು ಗಡಿಯಾರದ ವೈಟ್‌ಫೀಲ್ಡ್

ಪೀಣ್ಯದಿಂದ ಹಸಿರು ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ನಗರದ ಪೂರ್ವ ತುದಿ ಸೇರಬಹುದು. 2023ರಲ್ಲಿ ಮೆಟ್ರೊ ಇಲ್ಲಿಗೆ ಬರುವವರೆಗೆ ಈ ಪಯಣ ಒಂದು ತಪಸ್ಸೇ ಆಗಿತ್ತು.

ವೈಟ್‌ಫೀಲ್ಡ್ ಹುಟ್ಟಿದ್ದು ಗಾಜಿನ ಕಟ್ಟಡಗಳಿಗಾಗಿ ಅಲ್ಲ, ಬೇಸಾಯಕ್ಕಾಗಿ. ಆಂಗ್ಲೋ ಇಂಡಿಯನ್ ಕುಟುಂಬಗಳು ನೆಲೆ ನಿಲ್ಲಲೆಂದು ಮೈಸೂರಿನ ಮಹಾರಾಜ ಹತ್ತನೇ ಚಾಮರಾಜ ಒಡೆಯರು 1882ರಲ್ಲಿ ಸುಮಾರು 3,900 ಎಕರೆ ನೀಡಿದರು. ಅದಕ್ಕಾಗಿ ಶ್ರಮಿಸಿದ ಡಿ.ಎಸ್. ವೈಟ್ ಅವರ ಹೆಸರೇ ಊರಿನ ಹೆಸರಾಯಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಸಂಜೆಯಾದರೆ ಮಲಗುತ್ತಿದ್ದ ಈ ಊರಿಗೆ ನಿದ್ದೆ ಕೆಟ್ಟದ್ದು 1990ರ ದಶಕದಲ್ಲಿ ಐಟಿಪಿಎಲ್ ತಲೆಯೆತ್ತಿದ ಮೇಲೆ.

ಇಲ್ಲಿ ಕುಲುಮೆಯಿಲ್ಲ, ಇಲ್ಲಿ ಎಚ್ಚರವಾಗಿರಿಸುವುದು ಭೂಮಿಯ ತಿರುಗಾಟ. ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆಯಾದಾಗ ನ್ಯೂಯಾರ್ಕಿನಲ್ಲಿ ಬೇಸಿಗೆಯಾದರೆ ಮಧ್ಯಾಹ್ನ ಹನ್ನೆರಡು, ಚಳಿಗಾಲವಾದರೆ ಬೆಳಿಗ್ಗೆ ಹನ್ನೊಂದು. ಅಮೆರಿಕದವರು ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ನವೆಂಬರ್‌ನಲ್ಲಿ ಹಿಂದಿಡುತ್ತಾರೆ. ಅವರು ಅಲ್ಲಿ ಮುಳ್ಳು ತಿರುಗಿಸಿದರೆ ಇಲ್ಲಿ ಕ್ಯಾಬ್ ಹೊರಡುವ ವೇಳೆ ಬದಲಾಗುತ್ತದೆ, ಟೀ ಗಾಡಿಯವನ ಹಾಲು ಕಾಯುವ ವೇಳೆಯೂ ಬದಲಾಗುತ್ತದೆ. ಭೂಗೋಳದ ರೇಖಾಂಶದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಕಲಿಸೀತು?

ನಡುರಾತ್ರಿ ಟೆಕ್ ಪಾರ್ಕುಗಳ ಗೇಟಿನ ಮುಂದೆ ಕ್ಯಾಬ್‌ಗಳ ಸಾಲು. ಕೋಲಾರ, ಮಾಲೂರಿನ ಕಡೆಯ ಚಾಲಕರು ಸೀಟು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚಿರುತ್ತಾರೆ. ಕುತ್ತಿಗೆಗೆ ಗುರುತಿನ ಚೀಟಿ ತಗುಲಿಸಿಕೊಂಡ ಎಂಜಿನಿಯರುಗಳು ವಿರಾಮದಲ್ಲಿ ಕೆಳಗಿಳಿದು ಬರುತ್ತಾರೆ. ಮೇಲಿನ ಮಹಡಿಯ ಕೆಫೆಯಲ್ಲಿ ಕಾಫಿ ಪುಕ್ಕಟೆಯಿದ್ದರೂ ಅವರಿಗೆ ಬೇಕಾದದ್ದು ರಸ್ತೆಬದಿಯ ಟೀ, ಒಂದು ಬನ್ನು, ಹಗುರಾದ ನಾಲ್ಕು ಮಾತು. ಶನಿವಾರ ತಡರಾತ್ರಿ ಕೆಲವರ ದಾರಿ ಹೊಸಕೋಟೆಯತ್ತ. ಅಲ್ಲಿ ಕೋಳಿ ಕೂಗುವ ಮೊದಲೇ ಸೌದೆ ಒಲೆಯ ದಮ್ ಬಿರಿಯಾನಿಗೆ ಸರತಿ ನಿಲ್ಲುತ್ತದೆ. ಕಾರಿನಲ್ಲಿ ಬಂದವನೂ ತರಕಾರಿ ಟೆಂಪೊ ಓಡಿಸುವವನೂ ಒಂದೇ ಸಾಲಿನಲ್ಲಿ. ಮುಂದೆ ನುಗ್ಗಿದರೆ ಇಬ್ಬರಿಗೂ ಒಂದೇ ಬೈಗುಳ.

ಈ ರಾತ್ರಿಗೆ ಕರಾಳ ಮುಖವೂ ಇದೆ. 2005ರ ಡಿಸೆಂಬರ್‌ನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ಕ್ಯಾಬ್ ಚಾಲಕನೇ ಕೊಲೆ ಮಾಡಿದ ಪ್ರಕರಣ ನಾಡನ್ನೇ ನಡುಗಿಸಿತು. ಚಾಲಕರ ಹಿನ್ನೆಲೆ ಪರಿಶೀಲನೆ, ವಾಹನದಲ್ಲಿ ಕಾವಲುಗಾರ, ಮಹಿಳೆಯನ್ನು ಮನೆ ಬಾಗಿಲಿಗೇ ಬಿಡುವ ಕ್ರಮ ಇವೆಲ್ಲ ಬಿಗಿಯಾದದ್ದು ಆ ಸಾವಿನ ನಂತರ. ಕಾರ್ಖಾನೆಗಳಲ್ಲೂ ಮಹಿಳೆಯರು ಒಪ್ಪಿಗೆ, ಸಾರಿಗೆ, ಭದ್ರತೆಗಳ ಷರತ್ತಿನ ಮೇಲೆ ರಾತ್ರಿ ದುಡಿಯಲು 2023ರಲ್ಲಿ ರಾಜ್ಯದ ಕಾನೂನು ಅವಕಾಶ ಕೊಟ್ಟಿತು.

ಮೇಲ್ಸೇತುವೆಯ ಕೆಳಗಿನ ಊರು

ವೈಟ್‌ಫೀಲ್ಡ್‌ನಿಂದ ಮತ್ತೆ ಮೆಜೆಸ್ಟಿಕ್‌ಗೆ ಬಂದು, ಆರ್.ವಿ. ರಸ್ತೆ ನಿಲ್ದಾಣದಲ್ಲಿ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಹಿಡಿದರೆ ಎಲೆಕ್ಟ್ರಾನಿಕ್ ಸಿಟಿ. ಆರ್.ಕೆ. ಬಾಳಿಗ ಅವರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಸುಮಾರು 330 ಎಕರೆಯಲ್ಲಿ ಇದನ್ನು ಕಟ್ಟಲು ಹೊರಟಾಗ ಸುತ್ತ ರಾಗಿ ಹೊಲಗಳಿದ್ದವು.

2010ರಲ್ಲಿ ತೆರೆದ ಸುಮಾರು ಹತ್ತು ಕಿಲೋಮೀಟರ್ ಉದ್ದದ ಮೇಲ್ಸೇತುವೆಯಲ್ಲಿ ಬರುವವರಿಗೆ ಕಾಣುವುದು ಗಾಜು ಮತ್ತು ಹುಲ್ಲುಹಾಸು. ಊರು ಇರುವುದು ಕೆಳಗೆ. ದೊಡ್ಡತೋಗೂರಿನ ಕಿರಿದಾದ ಓಣಿಗಳಲ್ಲಿ ಒಂದಕ್ಕೊಂದು ಆತುಕೊಂಡ ಪಿ.ಜಿ. ಕಟ್ಟಡಗಳು, ಬಾಲ್ಕನಿಗಳ ತುಂಬ ಒಣಗುವ ಟವೆಲ್ಲುಗಳು. ಮಕ್ಕಳು ‘ದೊಡ್ಡ ಕಂಪನಿಯಲ್ಲಿದ್ದೇನೆ’ ಎಂದು ಮನೆಗೆ ಫೋನು ಮಾಡುವುದು ಮೂವರು ಹಂಚಿಕೊಂಡ ಇಂಥ ಕೋಣೆಗಳಿಂದಲೇ. ಕೋಣೆ ಉಸಿರುಗಟ್ಟಿಸಿದಾಗ ಅವರು ನೀಲಾದ್ರಿ ರಸ್ತೆಗೆ ಇಳಿಯುತ್ತಾರೆ. ದೋಸೆ, ಮೊಮೊ, ಆಂಧ್ರದ ಊಟ, ಉತ್ತರ ಕರ್ನಾಟಕದ ರೊಟ್ಟಿ, ಗೋಬಿ ಮಂಚೂರಿ. ಗೋಬಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಕೆಂಪು ಕಣ್ಣು ಕುಕ್ಕುವಂತಿದ್ದರೆ ಆ ತಟ್ಟೆಯನ್ನು ಬಿಟ್ಟು ಮುಂದೆ ನಡೆಯುವುದು ಲೇಸು.

ಹಳೆಯ ಊರಿನ ರಾತ್ರಿಯೂ ಇಲ್ಲಿ ಸತ್ತಿಲ್ಲ. ಸಮೀಪದ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಪ್ರತಿವರ್ಷ ಸುತ್ತಲ ಹಳ್ಳಿಗಳು ನೂರು ಅಡಿ ಮೀರಿದ ತೇರುಗಳನ್ನು ಎತ್ತು, ಟ್ರಾಕ್ಟರುಗಳಿಂದ ಎಳೆತರುತ್ತವೆ. ತೇರು ಎತ್ತರವಾದಷ್ಟೂ ಗುರುತ್ವಕೇಂದ್ರ ಮೇಲೇರಿ ಅಪಾಯ ಹೆಚ್ಚು. 2025ರ ಮಾರ್ಚ್‌ನಲ್ಲಿ ಗಾಳಿಮಳೆಗೆ ತೇರು ಉರುಳಿ ಪ್ರಾಣಹಾನಿಯಾಯಿತು. ಭಕ್ತಿಯ ಜೊತೆ ಭೌತಶಾಸ್ತ್ರಕ್ಕೂ ಜಾಗ ಬೇಕು ಎಂಬುದನ್ನು ಆ ದುರಂತ ನೆನಪಿಸಿತು.

ಮನೆಯವರು ಕೇಳಬೇಕಾದದ್ದು

2024ರ ಆಗಸ್ಟ್‌ನಲ್ಲಿ ಸರ್ಕಾರ ನಗರದ ಹೋಟೆಲು, ಅಂಗಡಿ, ಬಾರುಗಳಿಗೆ ರಾತ್ರಿ ಒಂದರವರೆಗೆ ತೆರೆದಿರಲು ಅನುಮತಿಸಿದಾಗ ಮತ್ತೆ ಪಬ್ಬಿನ ಚರ್ಚೆಯೇ ದೊಡ್ಡದಾಯಿತು. ಆದರೆ ಈ ಮೂರು ಸೀಮೆಗಳ ಮಕ್ಕಳನ್ನು ನಿಜಕ್ಕೂ ಸವೆಸುವುದು ಬೇರೆಯೇ. ಮನುಷ್ಯನ ದೇಹದೊಳಗೆ ಸೂರ್ಯನ ಬೆಳಕಿಗೆ ಹೊಂದಿಕೊಂಡ ಗಡಿಯಾರವೊಂದಿದೆ. ಅದರ ರಹಸ್ಯ ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಹಗಲು ಮಲಗಿದವನಿಗೆ ಆ ಗಡಿಯಾರ ‘ಏಳು, ಏಳು’ ಎನ್ನುತ್ತಲೇ ಇರುತ್ತದೆ. ಬೆಳಗಿನ ನಾಲ್ಕಕ್ಕೆ ಕುಡಿದ ಟೀಯಲ್ಲಿನ ಕೆಫೀನಿನ ಅರ್ಧ ಭಾಗ ಐದಾರು ಗಂಟೆ ಕಳೆದರೂ ರಕ್ತದಲ್ಲಿ ಉಳಿದಿರುತ್ತದೆ. ಪಾಳಿ ಮುಗಿಸಿ ಎಂಟಕ್ಕೆ ಹಾಸಿಗೆ ಸೇರಿದವನು ಹೊರಳಾಡುವುದು ಅದರಿಂದಲೇ. ವರ್ಷಗಟ್ಟಲೆ ನಿದ್ದೆಗೆಟ್ಟರೆ ಹೊಟ್ಟೆ, ರಕ್ತದೊತ್ತಡ, ಮನಸ್ಸು ಎಲ್ಲವೂ ಸುಂಕ ಕಟ್ಟುತ್ತವೆ. ಪ್ರೆಸ್ ಯಂತ್ರದ ಮುಂದೆ ತೂಕಡಿಸಿದರೆ ಸುಂಕ ಅಲ್ಲೇ ಆ ಕ್ಷಣವೇ.

ಆದ್ದರಿಂದ ಮಕ್ಕಳು ಫೋನು ಮಾಡಿದಾಗ ‘ಕುಡಿಯುವವರ ಸಹವಾಸ ಇಲ್ಲ ತಾನೇ?’ ಎಂಬ ಒಂದೇ ಪ್ರಶ್ನೆಗೆ ನಿಲ್ಲಬಾರದು. ಹಗಲು ಮಲಗಲು ಕತ್ತಲೆಯ ಕೋಣೆಯಿದೆಯೇ? ಮಧ್ಯರಾತ್ರಿಗೆ ಮುನ್ನವೇ ಮೆಟ್ರೊ ಮಲಗುತ್ತದೆ, ಆಮೇಲೆ ರೂಮಿಗೆ ಬಿಡುವವರು ಯಾರು? ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಎಂಬುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ನಿಯಮ, ಅದು ಸಂಬಳದ ಚೀಟಿಯಲ್ಲಿ ಕಾಣುತ್ತಿದೆಯೇ? ಕಾಯಿಲೆ ಬಿದ್ದರೆ ಗಂಜಿ ತಂದುಕೊಡುವ ಒಬ್ಬ ಗೆಳೆಯನಾದರೂ ಇದ್ದಾನೆಯೇ?

ಕೊನೆಯ ಪ್ರಶ್ನೆಗೆ ಈ ಬೀದಿಗಳು ಸಾಮಾನ್ಯವಾಗಿ ಒಳ್ಳೆಯ ಉತ್ತರವನ್ನೇ ಕೊಡುತ್ತವೆ. ಎರಡು ದಿನ ಕಾಣದಿದ್ದರೆ ‘ಎಲ್ಲಪ್ಪಾ ಹೋಗಿದ್ದೆ?’ ಎಂದು ವಿಚಾರಿಸುವ ಟೀ ಅಂಗಡಿಯವನು ಇಲ್ಲಿದ್ದಾನೆ. ಸಂಬಳ ತಡವಾದರೆ ‘ಇರ್ಲಿ ಬಿಡು, ಆಮೇಲೆ ಕೊಡು’ ಎಂದು ತಟ್ಟೆ ನೀಡುವ ಇಡ್ಲಿ ಗಾಡಿಯ ಅಮ್ಮನೂ ಇದ್ದಾಳೆ. ಬೆಂಗಳೂರಿಗೆ ಮಕ್ಕಳನ್ನು ನೋಡಲು ಬರುವ ಪೋಷಕರು ಲಾಲ್‌ಬಾಗ್, ವಿಧಾನಸೌಧ ನೋಡಿ ಸಂಜೆಯ ಬಸ್ಸಿಗೆ ಹಿಂತಿರುಗುವುದೇ ರೂಢಿ. ಒಂದು ರಾತ್ರಿ ಉಳಿದು, ಮಗನೋ ಮಗಳೋ ದಿನವೂ ನಿಲ್ಲುವ ಆ ಗಾಡಿಯ ಮುಂದೆ ನಿಂತು ಒಂದು ಲೋಟ ಟೀ ಕುಡಿಯಲಿ. ಅಂಗಡಿಯವನ ಹೆಸರು ಕೇಳಿಕೊಳ್ಳಲಿ, ಫೋನ್ ನಂಬರನ್ನೂ ಬರೆದುಕೊಳ್ಳಲಿ.